ಒಬ್ಬ ಲೈನ್‌ಬ್ಯಾಕರನ ಯೋಗ್ಯತಾವಿಚಾರ

ಸ್ಯಾನ್ ಡಿಯಾಗೊ ಕೌಂಟಿಯ ಉತ್ತರಭಾಗದಲ್ಲಿ, ಹದಿನೈದನೆಯ ಹೆದ್ದಾರಿಯ ಪಶ್ಚಿಮಕ್ಕೆ ಹಬ್ಬಿದ ಗುಡ್ಡಗಳ ನಡುವೆ, ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಳೆದು ನಿಂತ ಫೋರ್ ಎಸ್ ರ್ಯಾಂಚ್ ಎಂಬ ವಸತಿಯಲ್ಲಿ ಭಾರತೀಯ ಕುಟುಂಬಗಳು ಬಹಳ. ಅಲ್ಲಿಯ ಡೆಲ್ ನಾರ್ಟೆ ಪ್ರೌಢಶಾಲೆಯ ಬಾಗಿಲು ತೆರೆದದ್ದು 2009ರಲ್ಲಿ. ಶರತ್ಕಾಲದ ಶುಕ್ರವಾರಗಳಂದು ಆ ಪ್ರಾಂತದ ಮೈದಾನಗಳಲ್ಲಿ ದೀಪಸ್ತಂಭಗಳು ಬೆಳಗಿದಾಗ, ತಣ್ಣನೆಯ ಅಲ್ಯೂಮಿನಿಯಮ್ ಬೆಂಚುಗಳ ಮೇಲೆ ಶಾಲು ಹೊದ್ದು ಕುಳಿತು, ಕೆಳಗೆ ನಡೆಯುವ ಅಮೆರಿಕದ ಫುಟ್‌ಬಾಲನ್ನು ಅದರ ಸಕಲ ನಿಯಮಗಳೊಡನೆ ಅರಿತು ವಾದಿಸುವ ಕನ್ನಡಿಗರು ಈಗ ಅಪರೂಪವಲ್ಲ. ಅಂಥ ಇಬ್ಬರ ಸಂಭಾಷಣೆಯಿದು. ಒಬ್ಬರು ದೂರಸಂಪರ್ಕದ ಉದ್ಯಮದಲ್ಲಿರುವ ಎಂಜಿನಿಯರು. ಇನ್ನೊಬ್ಬರು ಮೈಸೂರಿನಲ್ಲಿ ಬಹುಕಾಲ ಗಣಿತ ಬೋಧಿಸಿ, ನಿವೃತ್ತರಾಗಿ, ಮಗಳ ಮನೆಯಲ್ಲಿ ನೆಲೆಸಿರುವ ಮೇಷ್ಟ್ರು. ಚರ್ಚೆಯ ವಸ್ತು ಅವರ ಬೀದಿಯ ಹುಡುಗನೊಬ್ಬ. ಹನ್ನೊಂದನೆಯ ತರಗತಿಯವನು, ಶಾಲೆಯ ತಂಡದಲ್ಲಿ ಲೈನ್‌ಬ್ಯಾಕರ್ (ರಕ್ಷಣೆಯ ಮುಂಸಾಲಿನ ಹಿಂದೆ ನಿಲ್ಲುವ ಆಟಗಾರ), ತಂದೆತಾಯಿಗಳಿಬ್ಬರೂ ನಮ್ಮ ಕಡೆಯವರು. ಹೆಸರು ಇಲ್ಲಿ ಅನಾವಶ್ಯಕ.

ಎಂಜಿನಿಯರು: ಮೇಷ್ಟ್ರೆ, ಬೇಕಾದರೆ ಬರೆದಿಟ್ಟುಕೊಳ್ಳಿ. ಇನ್ನೊಂದು ವರ್ಷ ಕಳೆಯುವುದರೊಳಗೆ ಈ ಹುಡುಗನಿಗೆ ಲಾಸ್ ಏಂಜಲೀಸಿನಿಂದ ಕರೆ ಬರುತ್ತದೆ. ಯುಸಿಎಲ್ಎ ಬರಲಿ, ಯುಎಸ್‌ಸಿ ಬರಲಿ, ಅವೆರಡೂ ಕೈಕೊಟ್ಟರೆ ನಮ್ಮ ಸ್ಯಾನ್ ಡಿಯಾಗೊ ಸ್ಟೇಟ್ ಅಂತೂ ಇದ್ದೇ ಇದೆ.

ಮೇಷ್ಟ್ರು: ನಿಮ್ಮ ಅಭಿಮಾನ ದೊಡ್ಡದು. ಆದರೆ ಅಭಿಮಾನಕ್ಕೆ ಒಂದು ದೋಷವುಂಟು: ಅದು ಅಭ್ಯರ್ಥಿಯನ್ನು ಮಾತ್ರ ನೋಡುತ್ತದೆ, ಖಾಲಿಯಿರುವ ಸ್ಥಾನಗಳನ್ನು ಎಣಿಸುವುದಿಲ್ಲ. ಈ ದೇಶದಲ್ಲಿ ಪ್ರೌಢಶಾಲೆಯ ತಂಡಗಳಲ್ಲಿ ಆಡುವ ಹುಡುಗರು ಹತ್ತು ಲಕ್ಷದಷ್ಟು. ಅವರಲ್ಲಿ ಯಾವುದಾದರೊಂದು ದರ್ಜೆಯ ಕಾಲೇಜು ತಂಡದ ಅಂಗಿ ತೊಡುವವರು ನೂರಕ್ಕೆ ಸುಮಾರು ಏಳು ಮಂದಿ. ನೀವು ಹೆಸರಿಸಿದ ಪ್ರಥಮ ದರ್ಜೆಗೆ ಸಲ್ಲುವವರು ನೂರಕ್ಕೆ ಮೂವರು.

ಎಂಜಿನಿಯರು: ಆ ಮೂವರಲ್ಲಿ ನಮ್ಮವನೂ ಒಬ್ಬನಾಗಬಾರದೆಂದು ಯಾವ ಗಣಿತ ಹೇಳುತ್ತದೆ? ಈ ನೆಲದ ಚರಿತ್ರೆಯನ್ನೇ ನೋಡಿ. ಇಲ್ಲಿಂದ ಉತ್ತರಕ್ಕೆ ಹೋದರೆ ಎಪ್ಪತ್ತೆಂಟನೆಯ ನಂಬರಿನ ರಸ್ತೆ ಸಿಗುತ್ತದೆಯಷ್ಟೆ? ಸಮುದ್ರದ ದಂಡೆಯ ಓಷನ್‌ಸೈಡಿನಿಂದ ಹೊರಟು ಒಳನಾಡಿಗೆ ಬರುವ ಆ ಒಂದೇ ರಸ್ತೆಯ ಆಸುಪಾಸಿನ ಶಾಲೆಗಳು ಈ ದೇಶಕ್ಕೆ ಎಂಥೆಂಥ ಲೈನ್‌ಬ್ಯಾಕರರನ್ನು ಕೊಟ್ಟಿವೆ! ಓಷನ್‌ಸೈಡ್ ಶಾಲೆಯ ಜೂನಿಯರ್ ಸೆಯಾವ್, ಸಮೋವ ಮೂಲದ ಬಡ ಮನೆಯ ಹುಡುಗ, ಅಣ್ಣತಮ್ಮಂದಿರೊಡನೆ ಕಾರಿನ ಗ್ಯಾರೇಜಿನಲ್ಲಿ ಮಲಗುತ್ತಿದ್ದವನು, ಯುಎಸ್‌ಸಿಗೆ ಹೋಗಿ, 1990ರಲ್ಲಿ ವೃತ್ತಿಪರ ತಂಡಗಳ ವಾರ್ಷಿಕ ಆಯ್ಕೆಯಲ್ಲಿ ಇಡೀ ದೇಶದ ಐದನೆಯವನಾಗಿ ಸ್ಯಾನ್ ಡಿಯಾಗೊ ಚಾರ್ಜರ್ಸ್ ತಂಡವನ್ನು ಸೇರಿದ. ಪಕ್ಕದ ಕಾರ್ಲ್ಸ್‌ಬಾಡ್ ಶಾಲೆಯ ಬ್ರಾಂಡನ್ ಚಿಲ್ಲರ್, ತಂದೆ ನಮ್ಮ ಭಾರತದವರು, ಯುಸಿಎಲ್ಎದಲ್ಲಿ ಆಡಿ 2004ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡಕ್ಕೆ ನಾಲ್ಕನೆಯ ಸುತ್ತಿನಲ್ಲಿ ಆಯ್ಕೆಯಾದ. ಆಮೇಲೆ ಗ್ರೀನ್ ಬೇ ಪ್ಯಾಕರ್ಸ್ ತಂಡದಲ್ಲಿದ್ದ. ಇನ್ನೂ ಪೂರ್ವಕ್ಕೆ ಸ್ಯಾನ್ ಮಾರ್ಕೋಸಿನ ಮಿಷನ್ ಹಿಲ್ಸ್ ಶಾಲೆಯ ಫ್ರೆಡ್ ವಾರ್ನರ್ ಈಗ ಸ್ಯಾನ್ ಫ್ರಾನ್ಸಿಸ್ಕೊದ ತಂಡದಲ್ಲಿ ಈ ಸ್ಥಾನಕ್ಕೆ ಮಾದರಿಯೆನಿಸಿದ್ದಾನೆ. ಮೂವರೂ ಒಂದೇ ದಾರಿಯ ಮಕ್ಕಳು. ಆ ದಾರಿಯಿಂದ ನಾವೇನು ಬಹು ದೂರವೆ?

ಮೇಷ್ಟ್ರು: ಚೆನ್ನಾಗಿ ಪೋಣಿಸಿದಿರಿ. ಈಗ ಅದೇ ಮೂವರ ಎತ್ತರವನ್ನು ಹೇಳಿ.

ಎಂಜಿನಿಯರು: ಎತ್ತರವೆ?

ಮೇಷ್ಟ್ರು: ಸೆಯಾವ್ ಆರು ಅಡಿ ಮೂರು ಅಂಗುಲ. ಚಿಲ್ಲರ್ ಆರು ಅಡಿ ಮೂರು ಅಂಗುಲ. ವಾರ್ನರ್ ಆರು ಅಡಿ ಮೂರು ಅಂಗುಲ. ನಮ್ಮ ಹುಡುಗ ಬೂಟು ತೊಟ್ಟು ಬೆನ್ನು ನೆಟ್ಟಗೆ ಮಾಡಿ ನಿಂತರೆ ಆರು ಅಡಿ. ತೂಕ ಇನ್ನೂರೈದು ಪೌಂಡು. ನಲವತ್ತು ಗಜವನ್ನು ಓಡುವುದಕ್ಕೆ 4.8 ಸೆಕೆಂಡು. ದೊಡ್ಡ ಕಾಲೇಜಿನ ಕೋಚ್ ಕೈಯಲ್ಲಿ ಹಿಡಿದಿರುವ ಕಾಗದದಲ್ಲಿ ಆರು ಅಡಿ ಎರಡು, ಇನ್ನೂರಿಪ್ಪತ್ತು, 4.6 ಎಂದಿರುತ್ತದೆ. ಯುಸಿಎಲ್ಎ, ಯುಎಸ್‌ಸಿಗಳೆರಡೂ 2024ರಿಂದ ಬಿಗ್ ಟೆನ್ ಕೂಟಕ್ಕೆ ಸೇರಿ, ಒಹಾಯೊ ಸ್ಟೇಟ್, ಮಿಶಿಗನ್‌ಗಳ ಮುನ್ನೂರು ಪೌಂಡಿನ ಆಳುಗಳನ್ನು ಎದುರಿಸಬೇಕಾಗಿರುವಾಗ, ಆ ಕಾಗದದ ಅಂಕಗಳು ಇಳಿಯುವ ಸಂಭವವಿಲ್ಲ.

ಎಂಜಿನಿಯರು: ಅಂಗುಲವೇ ಆಟವನ್ನು ಆಡುವುದಾದರೆ ಪಂದ್ಯ ನಡೆಸುವುದೇತಕ್ಕೆ, ಅಳತೆಪಟ್ಟಿ ಹಿಡಿದರೆ ಸಾಲದೆ? ನಿನ್ನೆ ರಾತ್ರಿ ಮೂರನೆಯ ಪಾದದಲ್ಲಿ ಅವನು ಮಾಡಿದ್ದನ್ನು ನೀವು ನೋಡಲಿಲ್ಲವೆ?

ಮೇಷ್ಟ್ರು: ನೋಡಿದೆ. ಬಹುಶಃ ನಿಮಗಿಂತ ಚೆನ್ನಾಗಿಯೇ ನೋಡಿದೆ. ನೀವು ಹೇಳುತ್ತಿರುವುದು ಅವನು ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕನ್ನು ಹಿಂದಿನಿಂದ ಬಂದು ನೆಲಕ್ಕೆ ಕೆಡವಿದ್ದು. ಜನ ಎದ್ದು ನಿಂತು ಕೂಗಿದ್ದೂ ಅದಕ್ಕೇ. ನನ್ನ ಮನಸ್ಸಿನಲ್ಲಿ ನಿಂತಿರುವುದು ಅದಕ್ಕೂ ನಾಲ್ಕು ನಿಮಿಷ ಮುಂಚಿನದು. ಎದುರಾಳಿಗಳಿಗೆ ಎರಡು ಗಜ ಬೇಕಾಗಿತ್ತು. ಚೆಂಡು ಇನ್ನೂ ನೆಲದ ಮೇಲಿದೆ. ನಮ್ಮ ಹುಡುಗ ಸಾಲಿನ ಹಿಂದೆ ನಾಲ್ಕು ಗಜದಲ್ಲಿ ಮೊಣಕಾಲು ಬಾಗಿಸಿ ನಿಂತು, ಚೆಂಡನ್ನೂ ನೋಡದೆ, ಓಡಬೇಕಾದವನನ್ನೂ ನೋಡದೆ, ಎದುರಾಳಿಯ ಮುಂಸಾಲಿನ ಎಡಗಡೆಯ ಗಾರ್ಡಿನ ಕೈಯನ್ನು ನೋಡುತ್ತಿದ್ದ. ಹುಲ್ಲಿನ ಮೇಲೆ ಊರಿದ ಆ ಕೈಯಲ್ಲಿ ಭಾರವಿರಲಿಲ್ಲ. ಮುಂದಕ್ಕೆ ನುಗ್ಗುವವನಾದರೆ ಮೈಭಾರವೆಲ್ಲ ಬೆರಳಿನ ಗೆಣ್ಣುಗಳ ಮೇಲೆ ಬಿದ್ದು ಅವು ಬಿಳಿಚಿಕೊಳ್ಳುತ್ತವೆ. ಈ ಗಾರ್ಡಿನ ಬೆರಳು ಹುಲ್ಲಿಗೆ ತಾಗಿಯೂ ತಾಗದಂತಿತ್ತು. ಅಂದರೆ ಇವನು ಹಿಂದಕ್ಕೆ ಸರಿದು, ಸಾಲಿನ ಹಿಂಬದಿಯಿಂದ ಇನ್ನೊಂದು ಪಾರ್ಶ್ವಕ್ಕೆ ಓಡಿ, ಅಲ್ಲಿ ದಾರಿ ಬಿಡಿಸಿಕೊಡುವವನು. ಹುಡುಗ ಏನನ್ನೋ ಕೂಗಿ, ಚೆಂಡು ಏಳುವುದಕ್ಕೂ ತಾನು ಹೆಜ್ಜೆ ಕೀಳುವುದಕ್ಕೂ ನಡುವೆ ಎಳೆಯಷ್ಟೂ ಕಾಲ ಬಿಡದೆ, ಆ ಗಾರ್ಡ್ ಎಲ್ಲಿಗೆ ಬರಬೇಕೋ ಅಲ್ಲಿಗೆ ತಾನೇ ಮೊದಲು ಹೋಗಿ, ಇನ್ನೂರೆಂಬತ್ತು ಪೌಂಡಿನ ಅವನ ದೇಹಕ್ಕೆ ತನ್ನ ಭುಜವನ್ನು ಕೊಟ್ಟು ಬಾಗಿಲು ಮುಚ್ಚಿದ. ಚೆಂಡು ಹಿಡಿದು ಓಡುತ್ತಿದ್ದವನು ದಾರಿ ಕಾಣದೆ ಹೊರಕ್ಕೆ ತಿರುಗಿದ. ಅಲ್ಲಿ ನಮ್ಮ ಇನ್ನೊಬ್ಬ ಹುಡುಗ ಅವನನ್ನು ಬೀಳಿಸಿದ. ಧ್ವನಿವರ್ಧಕದಲ್ಲಿ ಆ ಇನ್ನೊಬ್ಬನ ಹೆಸರು ಬಂತು. ಅಂಕಪಟ್ಟಿಯಲ್ಲಿ ಟ್ಯಾಕಲ್ ಎಂಬ ಗೆರೆ ಬಿದ್ದದ್ದೂ ಅವನ ಹೆಸರಿನ ಮುಂದೆ.

ಎಂಜಿನಿಯರು: ಇಷ್ಟನ್ನು ಕಂಡ ನೀವೇ ಅವನಿಗೆ ಕರೆ ಬರುವುದಿಲ್ಲವೆಂದರೆ ಹೇಗೆ?

ಮೇಷ್ಟ್ರು: ಇಷ್ಟನ್ನು ಕಂಡದ್ದರಿಂದಲೇ ಹೇಳುತ್ತೇನೆ. ವಿಶ್ವವಿದ್ಯಾನಿಲಯದ ಉತ್ತರಪತ್ರಿಕೆಗಳನ್ನು ರಾಶಿರಾಶಿಯಾಗಿ ತಿದ್ದಿದವನು ನಾನು. ಲೆಕ್ಕವನ್ನು ಮೂರೇ ಸಾಲಿನಲ್ಲಿ ಸೊಗಸಾಗಿ ಬಿಡಿಸಿದ ಹುಡುಗನಿಗೂ, ಮೂರು ಪುಟ ಗೀಚಿ ಅದೇ ಉತ್ತರಕ್ಕೆ ಮುಟ್ಟಿದವನಿಗೂ ಅದೇ ಹತ್ತು ಅಂಕ. ಸೊಗಸಿಗೆ ಅಂತ ಒಂದು ಅಂಕಣವಿರಲಿಲ್ಲ. ಇಲ್ಲಿಯೂ ಹಾಗೆಯೇ. ಎತ್ತರಕ್ಕೆ, ತೂಕಕ್ಕೆ, ವೇಗಕ್ಕೆ, ಟ್ಯಾಕಲಿಗೆ ಅಂಕಣವುಂಟು. ಗಾರ್ಡಿನ ಬೆರಳನ್ನು ಓದಿದ್ದಕ್ಕೆ ಇಲ್ಲ. ಹುಡುಗರಿಗೆ ಎರಡು ನಕ್ಷತ್ರ, ಮೂರು ನಕ್ಷತ್ರ, ಐದು ನಕ್ಷತ್ರ ಎಂದು ಬೆಲೆ ಕಟ್ಟುವ ಸಂಸ್ಥೆಗಳು ಈ ಹುಡುಗನಿಗೆ ಒಂದನ್ನೂ ಕೊಟ್ಟಿಲ್ಲವೆಂಬುದು ನಿಮಗೆ ತಿಳಿದದ್ದೇ.

ಎಂಜಿನಿಯರು: ನಕ್ಷತ್ರಗಳು ಕಡೆಗೆ ಬರುತ್ತವೆ. ಒಂದು ದೊಡ್ಡ ಕಾಲೇಜು ಆಫರ್ ಕೊಟ್ಟರೆ ಮರುದಿನವೇ ನಕ್ಷತ್ರ ಹುಟ್ಟುತ್ತದೆ. ನಾನು ಎಷ್ಟೋ ನೋಡಿದ್ದೇನೆ. ಅಲ್ಲದೆ ಈಗ ಕಾಲೇಜುಗಳ ಬಳಿ ಹಣ ಧಾರಾಳವಾಗಿದೆ. ಹಿಂದೆ ಒಂದು ತಂಡಕ್ಕೆ ಎಂಬತ್ತೈದು ವಿದ್ಯಾರ್ಥಿವೇತನಗಳ ಮಿತಿಯಿತ್ತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಆ ಮಿತಿಯೇ ಹೋಯಿತು. ಆಟಗಾರರಿಗೆ ಕಾಲೇಜೇ ನೇರವಾಗಿ ಹಣ ಹಂಚಬಹುದು. ಮೊದಲ ವರ್ಷಕ್ಕೆ ಒಂದೊಂದು ಕಾಲೇಜಿಗೆ ಎರಡು ಕೋಟಿ ಐದು ಲಕ್ಷ ಡಾಲರುಗಳವರೆಗೆ.

ಮೇಷ್ಟ್ರು: ವಿದ್ಯಾರ್ಥಿವೇತನದ ಮಿತಿ ಹೋಯಿತು, ನಿಜ, ಅದರ ಜಾಗದಲ್ಲಿ ತಂಡದ ಮಿತಿ ಬಂತು. ರಾಜಿಗೆ ಒಪ್ಪಿದ ಕಾಲೇಜಿನಲ್ಲಿ ನೂರೈದು ಜನ, ಅದಕ್ಕಿಂತ ಹೆಚ್ಚಿಲ್ಲ. ಮೊದಲು ಎಂಬತ್ತೈದು ಜನ ವೇತನದ ಮೇಲೂ, ಮೂವತ್ತು ನಲವತ್ತು ಜನ ತಮ್ಮ ಖರ್ಚಿನಲ್ಲೂ ಇರುತ್ತಿದ್ದರು. ವಾಕ್-ಆನ್ ಎನ್ನುತ್ತಾರಲ್ಲ, ಆ ಸ್ವಂತ ಖರ್ಚಿನವರ ಬಾಗಿಲಿನಿಂದ ಒಳಹೊಕ್ಕು, ಎರಡು ವರ್ಷ ಬೆವರು ಸುರಿಸಿ, ಮೂರನೆಯ ವರ್ಷ ಮೈದಾನಕ್ಕಿಳಿಯುವುದು ನಮ್ಮ ಹುಡುಗನಂಥವನಿಗೆ ತೆರೆದಿದ್ದ ದಾರಿ. ಸಿರಿವಂತನಿಗೆ ಸಿರಿ ಹೆಚ್ಚಿಸಿದ ಅದೇ ರಾಜಿ ಈ ಬಾಗಿಲನ್ನು ಕಿರಿದಾಗಿಸಿತು. ಇನ್ನು, ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಬರೆಸುವ ಟ್ರಾನ್ಸ್‌ಫರ್ ಪೋರ್ಟಲನ್ನು ನೀವು ಮರೆತೇಬಿಟ್ಟಿರಿ.

ಎಂಜಿನಿಯರು: ಮರೆತಿಲ್ಲ. ಅದರ ಮಾತೆತ್ತಬಾರದೆಂದು ಸುಮ್ಮನಿದ್ದೆ.

ಮೇಷ್ಟ್ರು: ಎತ್ತಲೇಬೇಕು. 2018ರಲ್ಲಿ ಅದು ಆರಂಭವಾಯಿತು. 2021ರಿಂದೀಚೆಗೆ, ಕಾಲೇಜು ಬದಲಿಸಿದವನು ಒಂದು ವರ್ಷ ಸುಮ್ಮನೆ ಕೂರಬೇಕೆಂಬ ಹಳೆಯ ನಿರ್ಬಂಧವೂ ಸಡಿಲವಾಯಿತು. ಈಗ ಕೋಚಿನ ಸ್ಥಾನದಲ್ಲಿ ನಿಂತು ಯೋಚಿಸಿ. ಅವನ ಕೆಲಸ ಉಳಿಯುವುದೂ ಹೋಗುವುದೂ ಬರುವ ಋತುವಿನ ಹನ್ನೆರಡು ಪಂದ್ಯಗಳ ಮೇಲೆ. ಒಂದು ಕಡೆ ಹದಿನೇಳರ ಹುಡುಗ. ಮೈ ತುಂಬಿ ಆಡುವಂತಾಗಲು ಮೂರು ವರ್ಷ ಕಾಯಬೇಕು, ಕಾದ ಮೇಲೂ ಅವನು ಬೇರೆ ಕಾಲೇಜಿಗೆ ಹಾರಿಹೋಗಬಹುದು. ಇನ್ನೊಂದು ಕಡೆ ಇನ್ನೊಂದು ಕಾಲೇಜಿನಲ್ಲಿ ಎರಡು ವರ್ಷ ಆಡಿ, ಪ್ರಬಲರ ಎದುರು ನಿಂತು, ಪರೀಕ್ಷಿತನಾಗಿ ಬಂದಿರುವ ಇಪ್ಪತ್ತೊಂದರ ಗಂಡಸು. ನೀವಾದರೆ ಯಾರನ್ನು ಕರೆಯುತ್ತೀರಿ? ಸಾಲದ್ದಕ್ಕೆ, ಆಟದ ರೀತಿಯೇ ಬದಲಾಗಿ ಲೈನ್‌ಬ್ಯಾಕರಿನ ಸ್ಥಾನವೇ ಕಡಿಮೆಯಾಗಿದೆ. ಮೈದಾನದ ಅಗಲಕ್ಕೆ ಆಟಗಾರರನ್ನು ಹರಡಿ ಚೆಂಡನ್ನು ಎಸೆಯುವವರು ಹೆಚ್ಚಿದಂತೆ, ರಕ್ಷಣೆಯವರು ಮೂರನೆಯ ಲೈನ್‌ಬ್ಯಾಕರನ್ನು ಹೊರಗೆ ಕೂರಿಸಿ, ಅವನಿಗಿಂತ ಹಗುರಾಗಿ ಓಡಬಲ್ಲ ಐದನೆಯ ಹಿಂಬದಿಯವನನ್ನು ತಂದು ನಿಲ್ಲಿಸುತ್ತಾರೆ. ಮೂರಿದ್ದದ್ದು ಎರಡಾಯಿತು.

ಎಂಜಿನಿಯರು: ಆದರೆ ಮೇಷ್ಟ್ರೆ, ಉಳಿದ ಆ ಇಬ್ಬರಿಗೆ ಬೇಕಾದದ್ದು ಯಾವ ಗುಣ? ಓದುವ ಕಣ್ಣೇ ಅಲ್ಲವೆ? ಕುಳ್ಳರು ಈ ಸ್ಥಾನದಲ್ಲಿ ಮೆರೆದಿಲ್ಲವೆಂದು ಹೇಳಬೇಡಿ. ಲಂಡನ್ ಫ್ಲೆಚರ್ ಐದು ಅಡಿ ಹತ್ತು ಅಂಗುಲದವನು. 1998ರಲ್ಲಿ ಯಾವ ತಂಡವೂ ಅವನನ್ನು ಆರಿಸಲಿಲ್ಲ. ಆಯ್ಕೆಯಿಲ್ಲದೆ ಒಳಬಂದು ಹದಿನಾರು ಋತುಗಳಲ್ಲಿ ಒಂದನ್ನೂ ತಪ್ಪಿಸಿಕೊಳ್ಳದೆ 256 ಪಂದ್ಯಗಳನ್ನು ಸತತವಾಗಿ ಆಡಿದ. ಸ್ಯಾಮ್ ಮಿಲ್ಸ್ ಅವನಿಗಿಂತ ಒಂದು ಅಂಗುಲ ಕಡಿಮೆ; 2022ರಲ್ಲಿ ಅವನನ್ನು ಹಾಲ್ ಆಫ್ ಫೇಮಿಗೆ ಸೇರಿಸಿದರು.

ಮೇಷ್ಟ್ರು: ಇಬ್ಬರನ್ನೂ ನಾನು ಒಪ್ಪುತ್ತೇನೆ. ಅವರು ಓದಿದ ಕಾಲೇಜುಗಳು ಯಾವುವು?

ಎಂಜಿನಿಯರು: ಫ್ಲೆಚರ್ ಜಾನ್ ಕ್ಯಾರೊಲ್. ಮಿಲ್ಸ್ ಮಾಂಟ್‌ಕ್ಲೇರ್ ಸ್ಟೇಟ್.

ಮೇಷ್ಟ್ರು: ಎರಡೂ ಮೂರನೆಯ ದರ್ಜೆಯವು. ಆಟಕ್ಕಾಗಿ ಒಂದು ಕಾಸಿನ ವೇತನವನ್ನೂ ಕೊಡದ ದರ್ಜೆ. ದೊಡ್ಡವರ ಅಳತೆಪಟ್ಟಿಗೆ ಅವರಿಬ್ಬರೂ ಸಿಕ್ಕಲಿಲ್ಲ. ಸಣ್ಣ ಕಾಲೇಜಿನಲ್ಲಿ ಆಡಿ ಆಡಿ ಆ ಕಣ್ಣು ತೀಕ್ಷ್ಣವಾಯಿತು. ನೀವು ನನ್ನ ಪಕ್ಷದ ಸಾಕ್ಷಿಗಳನ್ನು ನಿಮ್ಮ ಪಕ್ಷದಿಂದ ಕರೆದಿದ್ದೀರಿ.

ಎಂಜಿನಿಯರು: ಹಾಗಾದರೆ ಅವನನ್ನು ಎಲ್ಲಿಗೆ ಕಳಿಸಬೇಕೆನ್ನುತ್ತೀರಿ? ಈ ರಾಜ್ಯದಲ್ಲಿ ಎರಡನೆಯ ದರ್ಜೆಯ ಫುಟ್‌ಬಾಲೇ ಉಳಿದಿಲ್ಲ. ಅಜೂಸ ಪೆಸಿಫಿಕ್ 2020ರಲ್ಲಿ ಆಟ ನಿಲ್ಲಿಸಿದ ಮೇಲೆ ಆ ಪುಟ ಮುಗಿಯಿತು. ಮೂರನೆಯ ದರ್ಜೆಯಲ್ಲೂ ಆಕ್ಸಿಡೆಂಟಲ್ 2020ರಲ್ಲಿ, ವಿಟಿಯರ್ 2022ರಲ್ಲಿ ತಂಡವನ್ನು ಕೈಬಿಟ್ಟವು. ಕಾಲಿಡುವಲ್ಲೆಲ್ಲ ನೆಲ ಕುಸಿಯುತ್ತಿದೆ.

ಮೇಷ್ಟ್ರು: ಕ್ಲೇರ್ಮಾಂಟ್ ಇದೆಯಲ್ಲ. ಲಾಸ್ ಏಂಜಲೀಸ್ ಕೌಂಟಿಯ ಪೂರ್ವದ ಅಂಚಿನಲ್ಲಿ, ಇಲ್ಲಿಂದ ಎರಡು ಗಂಟೆಯೊಳಗಿನ ಪ್ರಯಾಣ. ಅಲ್ಲಿ ಅಕ್ಕಪಕ್ಕದಲ್ಲಿರುವ ಐದು ಪದವಿ ಕಾಲೇಜುಗಳು ಸೇರಿ ಎರಡು ತಂಡಗಳನ್ನು ಕಟ್ಟಿವೆ: ಪೊಮೋನ ಮತ್ತು ಪಿಟ್ಜರ್ ಒಂದು, ಕ್ಲೇರ್ಮಾಂಟ್ ಮೆಕೆನ್ನ, ಹಾರ್ವೆ ಮಡ್, ಸ್ಕ್ರಿಪ್ಸ್ ಇನ್ನೊಂದು. ಹಾರ್ವೆ ಮಡ್ ಎಂಬುದು ಎಂಜಿನಿಯರಿಂಗ್, ವಿಜ್ಞಾನ, ಗಣಿತಗಳಿಗೆ ಹೆಸರಾದ ವಿದ್ಯಾಲಯ. ಹುಡುಗನ ತಂದೆ ಕೇಳುತ್ತಿರುವುದೂ ಎಂಜಿನಿಯರಿಂಗನ್ನೇ.

ಎಂಜಿನಿಯರು: ಆ ತಂದೆಯೊಡನೆ ನಾನೂ ಮಾತಾಡಿದ್ದೇನೆ. ಅವರ ದೃಷ್ಟಿಯಲ್ಲಿ ಫುಟ್‌ಬಾಲೆಂದರೆ ಊರಿನಲ್ಲಿ ನಮ್ಮ ಕಬಡ್ಡಿ ಆಟಗಾರರು ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆಗೋ ಬ್ಯಾಂಕಿಗೋ ಸೇರುವಂತೆ, ಸೀಟಿಗೆ ಒಂದು ಮೆಟ್ಟಿಲು, ಅಷ್ಟೆ. ಮೆಟ್ಟಿಲು ಹತ್ತಿದ ಮೇಲೆ ಆಟ ಬಿಟ್ಟರೂ ಚಿಂತೆಯಿಲ್ಲ ಎನ್ನುತ್ತಾರೆ. ಅದನ್ನು ಕೇಳಿ ನನಗೆ ಬೇಸರವಾಯಿತು. ನೀವು ಹೇಳುವ ದಾರಿಯೂ ಸುಲಭವಲ್ಲ: ಹಾರ್ವೆ ಮಡ್‌ನಲ್ಲಿ ಪ್ರವೇಶ ಸಿಗುವುದು ಲೈನ್‌ಬ್ಯಾಕರ್ ಆಗುವುದಕ್ಕಿಂತ ಕಷ್ಟ. ವೇತನವಿಲ್ಲ. ಮನೆಯ ಆದಾಯವನ್ನು ನೋಡಿ ಕೊಡುವ ನೆರವು ಗಂಡಹೆಂಡಿರಿಬ್ಬರೂ ಸಂಪಾದಿಸುವ ಈ ಬೀದಿಯ ಮನೆಗಳಿಗೆ ಬರುವುದಿಲ್ಲ.

ಮೇಷ್ಟ್ರು: ಅದು ಗಟ್ಟಿಯಾದ ಆಕ್ಷೇಪ. ಉತ್ತರ ನನ್ನಲ್ಲಿಲ್ಲ. ಪ್ರವೇಶದ ವಿಷಯದಲ್ಲಿ ಮಾತ್ರ ಒಂದು ಮಾತುಂಟು: ಯೋಗ್ಯತೆ ಸಮವಾಗಿರುವ ಇಬ್ಬರು ಅರ್ಜಿದಾರರಲ್ಲಿ, ಇವನು ನಮಗೆ ಬೇಕು ಎಂದು ಕೋಚ್ ಒಂದು ಮಾತು ಹೇಳಿದರೆ ಅದಕ್ಕೆ ಅಂಥ ಕಾಲೇಜುಗಳಲ್ಲಿ ಬೆಲೆಯಿದೆ. ಆ ಬೆಲೆಗಾಗಿಯೇ ಅವನು ತರಗತಿಯಲ್ಲೂ ಮುಂದಿರಬೇಕು. ನಿಮ್ಮ ಸೆಯಾವ್‌ನ ಕಥೆಯ ಉತ್ತರಾರ್ಧವನ್ನು ನೀವು ಹೇಳಲಿಲ್ಲ. ಅಷ್ಟು ದೊಡ್ಡ ಆಟಗಾರ, ಯುಎಸ್‌ಸಿ ಕರೆದು ಕೂರಿಸಿಕೊಂಡವನು, ಪ್ರವೇಶ ಪರೀಕ್ಷೆಯಲ್ಲಿ ಕನಿಷ್ಠ ಏಳುನೂರು ಅಂಕ ಬೇಕಾದಲ್ಲಿ ಆರುನೂರ ತೊಂಬತ್ತು ಪಡೆದ. ಹತ್ತು ಅಂಕ. ಆ ಹತ್ತು ಅಂಕಕ್ಕಾಗಿ ಮೊದಲ ವರ್ಷ ಅವನು ಆಡುವಂತಿರಲಿಲ್ಲ. ಓಷನ್‌ಸೈಡಿನ ಶಾಲೆಗೆ ಹಿಂತಿರುಗಿ, ತನ್ನ ಅಧ್ಯಾಪಕರ, ಕೋಚುಗಳ, ಮುಖ್ಯೋಪಾಧ್ಯಾಯರ ಕ್ಷಮೆ ಕೇಳಿದನಂತೆ. ಅಧ್ಯಾಪಕನಾಗಿದ್ದ ನನಗೆ ಅವನ ಟ್ಯಾಕಲುಗಳೆಲ್ಲಕ್ಕಿಂತ ಹೆಚ್ಚಾಗಿ ಅದು ನೆನಪಿರುತ್ತದೆ.

ಎಂಜಿನಿಯರು: ಈಗ ಆ ಪರೀಕ್ಷೆಯ ಅಗತ್ಯವೇ ಇಲ್ಲ. 2023ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಆ ನಿಯಮವನ್ನು ತೆಗೆದುಹಾಕಿತು. ಹದಿನಾರು ಮುಖ್ಯ ವಿಷಯಗಳು, ಅವುಗಳಲ್ಲಿ 2.3 ಸರಾಸರಿ ಇದ್ದರೆ ಸಾಕು, ನಮ್ಮ ಹುಡುಗನದು ಅದಕ್ಕಿಂತ ಎಷ್ಟೋ ಮೇಲಿದೆ.

ಮೇಷ್ಟ್ರು: ಸೆಯಾವ್‌ನ ಕಥೆಗೆ ಇನ್ನೂ ಒಂದು ಭಾಗವುಂಟು. 2012ರ ಮೇ ತಿಂಗಳಲ್ಲಿ ಅದೇ ಓಷನ್‌ಸೈಡಿನಲ್ಲಿ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ, ವಯಸ್ಸು ನಲವತ್ತಮೂರು. ಪದೇ ಪದೇ ತಲೆಗೆ ಬಿದ್ದ ಪೆಟ್ಟಿನಿಂದ ಬರುವ ಸಿಟಿಇ ಎಂಬ ವ್ಯಾಧಿ ಅವನ ಮಿದುಳಿನಲ್ಲಿತ್ತೆಂದು ಮರುವರ್ಷ ವೈದ್ಯರು ಪ್ರಕಟಿಸಿದರು. ಹುಡುಗನ ತಾಯಿ ಪಂದ್ಯಕ್ಕೆ ಬಂದರೂ ಚೆಂಡು ನೆಲದಿಂದ ಏಳುವ ಕ್ಷಣದಲ್ಲಿ ಕೈಚೀಲದೊಳಗೆ ಏನನ್ನೋ ಹುಡುಕುತ್ತಾರೆ; ಗಮನಿಸಿದ್ದೀರೊ?

ಎಂಜಿನಿಯರು: ಗಮನಿಸಿದ್ದೇನೆ. ಆ ಭಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ಈ ರಾಜ್ಯದ ಕಾನೂನು 2015ರಿಂದ ಪೂರ್ಣ ಸಂಘರ್ಷದ ಅಭ್ಯಾಸವನ್ನು ಋತುವಿನಲ್ಲಿ ವಾರಕ್ಕೆ ಎರಡು ದಿನಕ್ಕೆ, ದಿನಕ್ಕೆ ತೊಂಬತ್ತು ನಿಮಿಷಕ್ಕೆ ಇಳಿಸಿದೆ. ಅದು ಸಾಕೆನ್ನುವುದಿಲ್ಲ, ಇಲ್ಲದುದಕ್ಕಿಂತ ಮೇಲು. ಆಡುವುದೋ ಬಿಡುವುದೋ ಎಂಬುದನ್ನು ಆ ಮನೆಯವರೇ ನಿರ್ಧರಿಸಲಿ. ನನ್ನ ಕೆಲಸ ಬೇರೆ. ಹುಡುಗ ತನ್ನ ವಿಡಿಯೊವನ್ನು ಸಂಕಲಿಸಿಕೊಡಿ ಎಂದು ಕೇಳಿದ್ದಾನೆ. ಚಳಿಗಾಲದೊಳಗೆ ಕಾಲೇಜುಗಳಿಗೆ ಕಳಿಸಬೇಕು. ಕ್ವಾರ್ಟರ್‌ಬ್ಯಾಕನ್ನು ಕೆಡವಿದ್ದನ್ನು ಮೊದಲಿಗಿಟ್ಟಿದ್ದೇನೆ.

ಮೇಷ್ಟ್ರು: ಆ ಗಾರ್ಡಿನದು ಎಷ್ಟನೆಯದು?

ಎಂಜಿನಿಯರು: ಅದನ್ನು ಹಾಕಿಯೇ ಇಲ್ಲ. ಅದರಲ್ಲಿ ಅವನು ಯಾರನ್ನೂ ಕೆಡವಲಿಲ್ಲವಲ್ಲ ಮೇಷ್ಟ್ರೆ! ಕೋಚುಗಳು ನೋಡುವುದು ಮೊದಲ ಅರ್ಧ ನಿಮಿಷ. ಅಷ್ಟರಲ್ಲಿ ಒಂದು ಹೊಡೆತವಾದರೂ ಕಾಣದಿದ್ದರೆ ಮುಂದಿನ ಹುಡುಗನಿಗೆ ಹೋಗುತ್ತಾರೆ.

ಮೇಷ್ಟ್ರು: ಅದನ್ನೇ ಮೊದಲಿಗಿಡಿ. ಹೊಡೆತದ ಹುಡುಗರು ಪ್ರತಿಯೊಬ್ಬ ಕೋಚಿನ ಮೇಜಿನ ಮೇಲೂ ಇನ್ನೂರಿದ್ದಾರೆ, ಅವರಲ್ಲಿ ಇವನಿಗಿಂತ ಮೂರು ಅಂಗುಲ ಎತ್ತರದವರೇ ಐವತ್ತು. ಇದನ್ನು ನೋಡಿ ವಿಡಿಯೊವನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡುವ ಕೋಚ್ ಒಬ್ಬನಿದ್ದರೆ ಸಾಕು.

ಎಂಜಿನಿಯರು: ಹಾಗಾದರೆ ಗಾರ್ಡಿನ ಕೈಯ ಸುತ್ತ ಒಂದು ಕೆಂಪು ವೃತ್ತವನ್ನಾದರೂ ಎಳೆಯುತ್ತೇನೆ.

ಮೇಷ್ಟ್ರು: ವೃತ್ತ ಬೇಡ. ಹುಡುಗ ಯಾರೆಂದು ತಿಳಿಯಲು ಅವನ ಸುತ್ತ ಎಳೆಯಿರಿ. ಕೈಯನ್ನು ಕೋಚೇ ಕಂಡುಕೊಳ್ಳಲಿ.

ಎಂಜಿನಿಯರು: ಎರಡು ಪ್ರತಿ ಮಾಡುತ್ತೇನೆ ಬಿಡಿ. ನಿಮ್ಮದು ಕ್ಲೇರ್ಮಾಂಟಿಗೆ ಹೋಗಲಿ. ನನ್ನದು ಯುಸಿಎಲ್ಎಗೆ ಹೋಗುತ್ತದೆ.